ಹನ್ನೆರಡು ನಲವತ್ತೊಂದು

ಪಟ್ಟಿಯಲ್ಲಿ ಕೀರ್ತನಾಳ ಹೆಸರಿರಲಿಲ್ಲ.

ಪರೀಕ್ಷಾ ಕೇಂದ್ರದ ಕೌಂಟರಿನಲ್ಲಿದ್ದ ಮೋನಿಕಾ ಎಂಬ ಹುಡುಗಿ ಮೇಲಿನಿಂದ ಕೆಳಗೆ ಒಂದು ಸಲ ನೋಡಿದಳು, ಕೆಳಗಿನಿಂದ ಮೇಲೆ ಇನ್ನೊಂದು ಸಲ. ಸೋಮವಾರ ಬೆಳಿಗ್ಗೆ ಹತ್ತರ ಪರೀಕ್ಷೆ. ಆರು ಕಂಪ್ಯೂಟರು, ಆರು ಹೆಸರು. ಆಧಾರ್ ಕಾರ್ಡು ಇಸಿದುಕೊಂಡು ನಂಬರು ಒತ್ತಿದಳು. ತಲೆ ಎತ್ತದೆಯೇ ಹೇಳಿದಳು.

"ಶನಿವಾರನೇ ಕ್ಯಾನ್ಸಲ್ ಆಗಿದೆ. ನಿಮ್ಮ ಅಕೌಂಟಿಂದಲೇ ಮಾಡಿದ್ದೀರಿ."

ಕೀರ್ತನಾ ಹಿಂದೆ ನಿಂತಿದ್ದ ತಾಯಿಯ ಕೈ ಹುಡುಕಿ ಹಿಡಿದುಕೊಂಡಳು. ಇಪ್ಪತ್ಮೂರು ವರ್ಷದ ಹುಡುಗಿ, ಶಾಲೆಗೆ ಸೇರಿಸಿದ ಮೊದಲ ದಿನ ಹಿಡಿದುಕೊಂಡ ಹಾಗೆ.

ಮೀನಾಕ್ಷಿ ಮುಂದೆ ಬಂದಳು. ಚಿತ್ರದುರ್ಗದ ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಹದಿನೆಂಟು ವರ್ಷದಿಂದ ಆಪರೇಟರ್ ಅವಳು. ಏನಾದರೂ ಕೆಟ್ಟಾಗ ಕೂಗಾಡುವ ಅಭ್ಯಾಸ ಇರಲಿಲ್ಲ. ಯಾವುದು ಕೆಟ್ಟಿತು, ಎಷ್ಟೊತ್ತಿಗೆ ಕೆಟ್ಟಿತು ಎಂದು ಕೇಳುವ ಅಭ್ಯಾಸ ಇತ್ತು. ಈಗಲೂ ಅದನ್ನೇ ಕೇಳಿದಳು. ನಮಗೆ ದಿನ ಮಾತ್ರ ಕಾಣುತ್ತದೆ, ವೇಳೆ ಬೇಕಾದರೆ ಪರೀಕ್ಷೆ ನಡೆಸುವವರಿಗೆ ಮೇಲ್ ಮಾಡಿ, ಉತ್ತರಕ್ಕೆ ಒಂದು ವಾರ ಹಿಡಿಯುತ್ತದೆ ಎಂದಳು ಮೋನಿಕಾ. ಮುಂದಿನ ಖಾಲಿ ಜಾಗ ಯಾವತ್ತು ಎಂದರೆ, ಇಪ್ಪತ್ತೆರಡು ದಿನ ಬಿಟ್ಟು.

ಇಪ್ಪತ್ತೆರಡು ದಿನ ಅವರ ಬಳಿ ಇರಲಿಲ್ಲ. ಐಮಂಗಲದ ಹತ್ತಿರ, ಗುಡ್ಡಗಳ ಮೇಲೆ ಗಾಳಿಯಂತ್ರ ನಡೆಸುವ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಕೀರ್ತನಾ ಆಯ್ಕೆಯಾಗಿದ್ದಳು. ಷರತ್ತು ಒಂದೇ. ನೆಟ್‌ವರ್ಕಿಂಗ್ ಸರ್ಟಿಫಿಕೇಟನ್ನು ಈ ಶುಕ್ರವಾರ ಸಂಜೆಯೊಳಗೆ ತಂದು ತೋರಿಸಬೇಕು. ತರದಿದ್ದರೆ ಹಾಲಿ ವ್ಯವಸ್ಥೆಯೇ ಇನ್ನೊಂದು ವರ್ಷ ಮುಂದುವರಿಯುತ್ತದೆ ಎಂದು ಪತ್ರದಲ್ಲಿ ಬರೆದಿತ್ತು.

ಪರೀಕ್ಷೆಯೇನು ಸುಲಭದ್ದಲ್ಲ. ಸಾವಿರಕ್ಕೆ ಎಂಟುನೂರ ಇಪ್ಪತ್ತೈದು ಬಂದರೆ ಪಾಸು. ಮೊದಲ ಸಲ ಆರುನೂರ ತೊಂಬತ್ತು. ಎರಡನೇ ಸಲ ಎಂಟುನೂರ ಹನ್ನೆರಡು. ಹದಿಮೂರು ಅಂಕಕ್ಕೆ ಹೋದ ಮೇಲೆ ಎಂಟು ತಿಂಗಳು ಹುಡುಗಿ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಮೀನಾಕ್ಷಿ ರೊಟ್ಟಿ ತಟ್ಟುತ್ತಾ ಪ್ರಶ್ನೆ ಕೇಳುವಳು, ಮಗಳು ಪಾತ್ರೆ ಒರೆಸುತ್ತಾ ಉತ್ತರ ಹೇಳುವಳು. ಇಪ್ಪತ್ತೆರಡನೇ ಪೋರ್ಟಿನ ಕೆಲಸವೇನು, ಐವತ್ಮೂರರದ್ದೇನು ಎಂದು ಈಗ ತಾಯಿಗೂ ಬಾಯಿಪಾಠ. ಹೋದ ವಾರ ಮನೆಯಲ್ಲೇ ಬರೆದ ಅಣಕು ಪರೀಕ್ಷೆಯಲ್ಲಿ ಒಂಬೈನೂರ ಹತ್ತು ಬಂದಿತ್ತು. ಆವತ್ತು ಪಾಯಸ ಮಾಡಿದ್ದಳು.

"ಅಮ್ಮ, ಅಲ್ನೋಡು," ಎಂದಳು ಕೀರ್ತನಾ.

ಗಾಜಿನ ಬಾಗಿಲಿನಾಚೆ, ಮೂರನೇ ಕಂಪ್ಯೂಟರಿನ ಮುಂದೆ, ಹಸಿರು ಚೂಡಿದಾರ್. ಅದರ ತೋಳು ಬಿಗಿಯಾಗುತ್ತದೆಂದು ಬಿಚ್ಚಿ ಹೊಲಿದುಕೊಟ್ಟವಳೇ ಮೀನಾಕ್ಷಿ. ಸುಷ್ಮಿತಾ. ಕೀರ್ತನಾಳ ಜೊತೆಯಲ್ಲೇ ಎರಡು ವರ್ಷದಿಂದ ಓದುತ್ತಿರುವ ಗೆಳತಿ. ಅವಳ ಪರೀಕ್ಷೆ ಇದ್ದದ್ದು ಮುಂದಿನ ತಿಂಗಳು.

*

ಹನ್ನೆರಡೂಕಾಲಿಗೆ ಸುಷ್ಮಿತಾ ಹೊರಗೆ ಬಂದಳು. ಕೈಯಲ್ಲಿ ಫಲಿತಾಂಶದ ಹಾಳೆ. ಪಾಸು. ನಗುತ್ತಾ ಬಂದವಳು ಮೆಟ್ಟಿಲ ಮೇಲೆ ಕೂತಿದ್ದ ಇಬ್ಬರ ಮುಖ ನೋಡಿ ಅಲ್ಲೇ ನಿಂತಳು.

ವಿಷಯ ಕೇಳಿ ಅವಳ ಮುಖ ಬಿಳಿಚಿಕೊಂಡಿತು. ಮುಂದಿನ ತಿಂಗಳು ಅಕ್ಕನ ಬಾಣಂತನ ಇರುವುದರಿಂದ ಬೇಗ ಬರೆದು ಮುಗಿಸಬೇಕೆಂದು ದಿನಾ ಎರಡು ಹೊತ್ತು ವೆಬ್‌ಸೈಟು ನೋಡುತ್ತಿದ್ದಳಂತೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ನೋಡಿದಾಗ ಸೋಮವಾರಕ್ಕೆ ಒಂದೂ ಜಾಗ ಇರಲಿಲ್ಲ. ಸಂಜೆ ನಾಲ್ಕಕ್ಕೆ ನೋಡಿದರೆ ಒಂದು ಖಾಲಿ. ತಕ್ಷಣ ಬುಕ್ ಮಾಡಿದಳು.

"ಅದು ಕೀರ್ತನಾ ಸೀಟು ಅಂತ ನಂಗೇನ್ ಗೊತ್ತು ಆಂಟಿ. ಹೆಂಗೂ ಒಳಗೆ ಸಿಕ್ತೀವಲ್ಲ, ಗಾಬರಿ ಬೀಳಿಸಾಣ ಅಂತ ಹೇಳ್ಲಿಲ್ಲ ಅಷ್ಟೆ."

ಶನಿವಾರ ಅವಳು ಇಡೀ ದಿನ ಹೊಳಲ್ಕೆರೆಯಲ್ಲೇ ಇದ್ದಳು. ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಹೋಳಿಗೆ ಬಡಿಸುತ್ತಿರುವ ಫೋಟೊ ಹತ್ತಾರು ಇದ್ದವು, ಒಂದರಲ್ಲಿ ಸೆರಗಿಗೆ ತುಪ್ಪ ಚೆಲ್ಲಿಕೊಂಡು ಬಯ್ಯಿಸಿಕೊಳ್ಳುತ್ತಿದ್ದಳು. ಮೀನಾಕ್ಷಿ ಅವಳ ತಲೆ ಸವರಿದಳು. ಪಾಸಾದದ್ದು ಒಳ್ಳೆಯದಾಯಿತು ಎಂದಳು.

ಆದರೆ ಒಂದು ವಿಷಯ ಗೊತ್ತಾಯಿತು. ಕೃತ್ಯ ನಡೆದದ್ದು ಶನಿವಾರ ಹತ್ತರಿಂದ ನಾಲ್ಕರ ನಡುವೆ.

ಎಲ್ಲಿಂದ ಎನ್ನುವುದನ್ನು ಕೀರ್ತನಾಳೇ ಅಳುತ್ತಾ ಹೇಳಿದಳು. ಹೊಳಲ್ಕೆರೆ ರಸ್ತೆಯ ಗಲ್ಲಿಯಲ್ಲಿ, ರಂಗಯ್ಯನ ಟೈಲರ್ ಅಂಗಡಿಯ ಮೇಲೆ, ಇವರು ಅಭ್ಯಾಸ ಮಾಡುವ ಒಂದು ರೂಮಿತ್ತು. ಅಲ್ಲಿ ಒಂದು ಕಂಪ್ಯೂಟರು, ಗುಜರಿಯಿಂದ ತಂದ ಹಳೇ ನೆಟ್‌ವರ್ಕ್ ಪೆಟ್ಟಿಗೆಗಳು. ಶುಕ್ರವಾರ ಸಂಜೆ ಆ ಕಂಪ್ಯೂಟರಿನಲ್ಲಿ ತನ್ನ ಪರೀಕ್ಷೆಯ ಅಕೌಂಟು, ಮೇಲ್ ಎರಡನ್ನೂ ತೆರೆದಿಟ್ಟು ಮರೆತು ಬಂದಿದ್ದಳು. ಯಾರು ಬೇಕಾದರೂ ಕೂತು ರದ್ದು ಮಾಡಬಹುದಿತ್ತು. ರದ್ದಾದ ಮೇಲ್ ಬಂದದ್ದನ್ನೂ ಅಳಿಸಬಹುದಿತ್ತು. ಅಳಿಸಿಯೇ ಇದ್ದರು.

ಆ ರೂಮಿಗೆ ಬರುತ್ತಿದ್ದವರು ನಾಲ್ಕೇ ಜನ. ಕೀರ್ತನಾ, ಸುಷ್ಮಿತಾ, ಹೊಸದುರ್ಗದ ಚಂದ್ರು. ನಾಲ್ಕನೆಯವನು ರೂಮು ಹಿಡಿದುಕೊಟ್ಟ ಬಾಲರಾಜು, ಮೀನಾಕ್ಷಿಯ ತಮ್ಮ.

*

ಫೋನು ಮಾಡಿದ ಒಂದು ಗಂಟೆಯಲ್ಲಿ ಬಾಲರಾಜು ಬೈಕಿನಲ್ಲಿ ಬಂದ. ಅವನ ಮನೆ ಹಿರಿಯೂರು, ಕೆಲಸ ಅದೇ ಐಮಂಗಲದ ಕಂಪನಿಯಲ್ಲಿ. ಹುಡುಗಿಯರಿಗೆ ಹಳೇ ಪೆಟ್ಟಿಗೆಗಳನ್ನು ಹುಡುಕಿ ತಂದವನೂ ಅವನೇ, ಮೊದಲ ಪಾಠ ಹೇಳಿಕೊಟ್ಟವನೂ ಅವನೇ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ಮೀನಾಕ್ಷಿಗೆ ಹದಿನೇಳು. ಅವನ ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದ ಕೈ ಅವಳದು.

ಕೀರ್ತನಾ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಅಕ್ಕ ತಮ್ಮ ಇಬ್ಬರೇ ರೂಮಿಗೆ ಹೋದರು.

ಕೆಳಗೆ ರಂಗಯ್ಯ ಹೊಲಿಯುತ್ತಿದ್ದ. ರೂಮಿನ ಒಂದು ಕೀಲಿ ಅವನ ಅಂಗಡಿಯ ಮೊಳೆಗೆ ನೇತಾಡುತ್ತದೆ. ಶನಿವಾರ ಅದನ್ನು ತೆಗೆದುಕೊಂಡವನು ಚಂದ್ರು ಒಬ್ಬನೇ ಎಂದ. ವಾಪಸ್ ಕೊಟ್ಟದ್ದು ಎಷ್ಟೊತ್ತಿಗೆ ಎಂದರೆ, ಮಧ್ಯಾಹ್ನ ಎಂದ. ಗಡಿಯಾರ ನೋಡಿಕೊಂಡು ಕೀಲಿ ಇಸಕಳಾಕಾಯ್ತದ ತಾಯಿ ಎಂದು ಮತ್ತೆ ಮಿಷನ್ ತುಳಿದ.

ಮೇಲೆ ಬಾಲರಾಜು ಕಂಪ್ಯೂಟರು ಹಾಕಿ ನೋಡಿದ. ಎಲ್ಲ ಒರೆಸಿಹಾಕಿದ್ದಾರೆ, ಗೊತ್ತಿರುವವರದೇ ಕೆಲಸ ಎಂದ. ಬಿಡು ಅಕ್ಕ, ಏನೂ ಸಿಗಲ್ಲ ಎಂದ. ಮೀನಾಕ್ಷಿ ಮೂಲೆಯಲ್ಲಿ ಮಿಣಮಿಣ ಎನ್ನುತ್ತಿದ್ದ ಪೆಟ್ಟಿಗೆ ತೋರಿಸಿದಳು. ಸಾಲಾಗಿ ತೂತುಗಳು, ನಾಲ್ಕನೇ ತೂತಿನಿಂದ ಕಂಪ್ಯೂಟರಿಗೆ ಒಂದು ತಂತಿ.

"ಇದು ಏನೂ ಬರೆದಿಟ್ಕಳಲ್ವಾ? ನಮ್ಮ ಸಬ್‌ಸ್ಟೇಷನ್ನಾಗೆ ಒಂದು ಲೈನು ಮಿಟುಕಿದ್ರೂ ಬರೀತೀವಿ."

ಅವನು ಅಕ್ಕನ ಕಡೆ ಒಮ್ಮೆ ನೋಡಿದ. ಬರೆದಿಡುತ್ತದೆ ಎಂದ. ಒಂದು ನೀಲಿ ತಂತಿ ಚುಚ್ಚಿ, ಏನೋ ಟೈಪು ಮಾಡಿದ. ಪರದೆಯ ಮೇಲೆ ಕೆಲವು ಸಾಲು ಬಂದವು. ಮೀನಾಕ್ಷಿಗೆ ತಾರೀಖು, ಗಂಟೆ ಮಾತ್ರ ಅರ್ಥವಾಯಿತು. ತಾರೀಖು ಮೂವತ್ತು ವರ್ಷ ಹಿಂದಿನದು, ಒಂದು ಮಾರ್ಚ್. 00:41ಕ್ಕೆ ನಾಲ್ಕನೇ ತೂತಿನ ಕಂಪ್ಯೂಟರು ಚಾಲೂ. 00:58ಕ್ಕೆ ಬಂದ್. ಆಮೇಲಿನದು ಈಗ ಹಾಕಿದ್ದು ಎಂದು ಅವನು ಪರದೆಯನ್ನು ಅಲ್ಲಿಗೇ ನಿಲ್ಲಿಸಿದ.

ತಾರೀಖು ನೆಚ್ಚಬೇಡ, ಹಳೇ ಪೆಟ್ಟಿಗೆ, ಅದು ಕೆಟ್ಟಿದೆ ಎಂದು ಬಾಲರಾಜು ವಿವರಿಸಿದ. ಗಂಟೆ ಸರಿ ಇದೆ. ಇದರಲ್ಲಿ ಸೊನ್ನೆ ಅಂದರೆ ಹನ್ನೆರಡು. ಹನ್ನೆರಡು ನಲವತ್ತೊಂದು.

"ಮಧ್ಯಾಹ್ನ ಹನ್ನೆರಡು ನಲವತ್ತೊಂದು. ಆಗ ಇಲ್ಲಿದ್ದೋನು ಯಾರು? ನೀನೇ ಹೇಳಕ್ಕ."

ಮೀನಾಕ್ಷಿ ಫೋನು ತೆಗೆದು ಪರದೆಯ ಫೋಟೊ ತೆಗೆದುಕೊಂಡಳು. ದಿನಾ ಮೀಟರುಗಳ ಫೋಟೊ ತೆಗೆದು ಕಳಿಸುವ ಕೈ, ತಾನಾಗೇ ತೆಗೆಯಿತು. ಕೀರ್ತನಾಗೆ ಈಗ ತೋರಿಸಬೇಡ, ನೊಂದಿದ್ದಾಳೆ ಎಂದ ತಮ್ಮ. ಹೊರಡುವಾಗ, ಸುಮ್ಮನೆ ಯಾಕೆ ಉರೀಬೇಕು ಎಂದು ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತ. ಶನಿವಾರ ತನಗೆ ಡ್ಯೂಟಿ ಇತ್ತು, ಐಮಂಗಲದಲ್ಲಿ ಸಿಕ್ಕಿಹಾಕಿಕೊಂಡೆ, ಇಲ್ಲದಿದ್ದರೆ ಇಲ್ಲೇ ಇದ್ದು ನೋಡಿಕೊಳ್ಳುತ್ತಿದ್ದೆ ಎಂದು ಪೇಚಾಡಿದ.

ಶನಿವಾರ ಮೀನಾಕ್ಷಿಯೂ ಡ್ಯೂಟಿಯಲ್ಲಿದ್ದಳು. ಕರೆಂಟ್ ಯಾವಾಗ ಬರುತ್ತೆ ಎಂದು ಊರಿಗೂರೇ ಫೋನು ಮಾಡಿದ ದಿನ ಅದು. ಸ್ವಂತ ತಮ್ಮನೂ ಬಿಟ್ಟಿರಲಿಲ್ಲ.

*

ಚಂದ್ರುವನ್ನು ಸಂಜೆ ಕರೆಸಿದಳು. ಹೊಸದುರ್ಗದ ಪಕ್ಕದ ಹಳ್ಳಿಯ ಕುರಿ ಸಾಕುವ ಮನೆಯ ಹುಡುಗ. ಅಪ್ಪ ಇನ್ನೂರು ಕುರಿಗಳ ಹಿಂದೆ ಅರ್ಧ ಜಿಲ್ಲೆ ನಡೆಯುವವನು. ಚಂದ್ರು ಎರಡು ವರ್ಷದಿಂದ ಈ ಮನೆಯಲ್ಲಿ ಉಂಡಿದ್ದ, ಮೀನಾಕ್ಷಿಯ ಮುದ್ದೆಗೆ ಹೆಸರಿಟ್ಟು ನಗಿಸಿದ್ದ. ಅವನ ಪರೀಕ್ಷೆ ಗುರುವಾರ ಇತ್ತು. ಹದಿನೈದು ದಿನದ ಹಿಂದೆ ಇದೇ ಜಗಲಿಯಲ್ಲಿ ಕೂತು ಕೀರ್ತನಾಗೆ ಒಂದು ಮಾತು ಹೇಳಿದ್ದ. ನೀನೂ ಗುರುವಾರಕ್ಕೆ ಹಾಕ್ಕೊ, ಇಬ್ರೂ ಒಟ್ಟಿಗೆ ಬರಿಯಾಣ, ಇಲ್ಲಾಂದ್ರೆ ನಾನೇ ನಿಂದು ಕ್ಯಾನ್ಸಲ್ ಮಾಡ್ತೀನಿ ನೋಡು.

ಆಗ ಎಲ್ಲರೂ ನಕ್ಕಿದ್ದರು. ಈಗ ಬಾಲರಾಜು ಆ ಮಾತನ್ನು ನೆನಪಿಸಿದ.

ಚಂದ್ರು ಒಪ್ಪಲಿಲ್ಲ. ಹನ್ನೆರಡು ಹೊಡೆದ ಸ್ವಲ್ಪ ಹೊತ್ತಿಗೇ ಕೀಲಿ ಕೊಟ್ಟು ಹೊರಟೆ, ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂದೆ, ಹೊಸದುರ್ಗದ ಬಸ್ಸು ಹತ್ತಿದೆ ಎಂದ. ಸಾಕ್ಷಿ ಕೇಳಿದರೆ ಮಂಡಕ್ಕಿ ತಿಂದಾಗಿತ್ತು. ಮೀನಾಕ್ಷಿ ಕೂಗಾಡಲಿಲ್ಲ. ಅವನು ಉಣ್ಣುತ್ತಿದ್ದ ತಟ್ಟೆಯನ್ನು ತೋರಿಸಿ, ಇನ್ನು ಅದನ್ನು ನಿನಗಾಗಿ ತೊಳೆಯುವುದಿಲ್ಲ ಎಂದಳು.

ಚಂದ್ರು ಎದ್ದ. ಬಾಗಿಲಲ್ಲಿ ಒಮ್ಮೆ ತಿರುಗಿದ.

"ಆಂಟಿ, ನಾನು ನಿಮ್ಮನೇಲಿ ಎರಡು ವರ್ಷ ಉಂಡೀನಿ. ಒಂದ್ ಸಲ ಕೇಳಬೌದಿತ್ತು. ನೀವು ಕೇಳ್ಲಿಲ್ಲ, ಹೇಳಿದ್ರಿ."

*

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸಬ್‌ಸ್ಟೇಷನ್ನಿನಲ್ಲಿ ಒಂದು ಲೈನು ಹೋಯಿತು. ಕೆಂಪು ದೀಪ ಹತ್ತಿತು. ಮೀನಾಕ್ಷಿ ಪುಸ್ತಕ ತೆರೆದು ವೇಳೆ ಬರೆದಳು. ಯಾವ ಬಡಾವಣೆಯ ಲೈನು ಎಷ್ಟೊತ್ತಿಗೆ ಹೋಯಿತು, ಎಷ್ಟೊತ್ತಿಗೆ ಬಂತು, ಎಲ್ಲ ಆ ಪುಸ್ತಕದಲ್ಲಿ. ಹೋದದ್ದು ಹೊಳಲ್ಕೆರೆ ರಸ್ತೆಯ ಲೈನು. ಈ ವಾರ ಇದು ಎಷ್ಟನೇ ಸಲವೋ ಎಂದು ಎರಡು ಹಾಳೆ ಹಿಂದೆ ತಿರುಗಿಸಿದಳು.

ಶನಿವಾರ. ಹೊಳಲ್ಕೆರೆ ರಸ್ತೆ. ಹೋದದ್ದು 12:20. ಬಂದದ್ದು 2:13. ಮರದ ಕೊಂಬೆ ಬಿದ್ದು ತಂತಿ ತುಂಡಾಗಿತ್ತು.

ಅಕ್ಷರ ಅವಳದೇ.

ಪೆನ್ನು ಕೆಳಗಿಟ್ಟಳು. ಮತ್ತೆ ಓದಿದಳು. ರೂಮಿನಲ್ಲಿ ಯುಪಿಎಸ್ ಇಲ್ಲ. ಹನ್ನೆರಡು ನಲವತ್ತೊಂದಕ್ಕೆ ಆ ಗಲ್ಲಿಯಲ್ಲಿ ಕರೆಂಟೇ ಇರಲಿಲ್ಲ. ಕರೆಂಟಿಲ್ಲದ ಹೊತ್ತಿನಲ್ಲಿ ಕಂಪ್ಯೂಟರು ಚಾಲೂ ಆಗುವುದು ಹೇಗೆ?

ತಾನೇ ಬರೆದ ಸಾಲು. ಆವತ್ತು ಹೋದ ಒಂಬತ್ತು ಲೈನುಗಳ ನಡುವೆ ಇದೊಂದು ನೆನಪಿಗೆ ಬರಲಿಲ್ಲ. ನಿನ್ನೆ ಬರಬೇಕಾಗಿತ್ತು. ಆ ಹುಡುಗನಿಗೆ ತಟ್ಟೆ ತೋರಿಸುವ ಮುಂಚೆ ಬರಬೇಕಾಗಿತ್ತು.

ಮಗಳಿಗೆ ಫೋಟೊ ಕಳಿಸಿ, ಫೋನು ಮಾಡಿದಳು. ಆ ಪೆಟ್ಟಿಗೆಯ ಗಡಿಯಾರ ಹೆಂಗೆ ನಡೆಯುತ್ತೆ ಎಂದು ಕೇಳಿದಳು. ಕೀರ್ತನಾ ನಿನ್ನೆಯಿಂದ ಮೊದಲ ಸಲ ಎದ್ದು ಕೂತಳು, ಅದು ದನಿಯಲ್ಲೇ ತಿಳಿಯಿತು. ಅದಕ್ಕೆ ಒಳಗೆ ಬ್ಯಾಟರಿ ಇಲ್ಲಮ್ಮ ಎಂದಳು. ಕರೆಂಟ್ ಹೋದರೆ ಎಲ್ಲ ಮರೆತುಬಿಡುತ್ತದೆ, ಬರೆದಿಟ್ಟದ್ದೂ ಹೋಗುತ್ತದೆ. ಕರೆಂಟ್ ಬಂದ ಕ್ಷಣ ಸೊನ್ನೆಯಿಂದ ಎಣಿಸಲು ಶುರುಮಾಡುತ್ತದೆ. 00:41 ಅಂದರೆ ಕರೆಂಟ್ ಬಂದು ನಲವತ್ತೊಂದು ನಿಮಿಷ.

"ಇದು ಪರೀಕ್ಷೇಲಿ ಕೇಳೋ ಪ್ರಶ್ನೆ ಅಮ್ಮ. ಮಾಮಂಗೆ ಗೊತ್ತಿಲ್ವಾ?"

ಮೀನಾಕ್ಷಿ ಪುಸ್ತಕದ ಅಂಚಿನಲ್ಲಿ ಕೂಡಿಸಿದಳು. ಎರಡು ಹದಿಮೂರಕ್ಕೆ ನಲವತ್ತೊಂದು ಸೇರಿಸಿದರೆ ಎರಡು ಐವತ್ನಾಲ್ಕು. ಬಂದ್ ಆದದ್ದು ಮೂರು ಹನ್ನೊಂದು. ಅಲ್ಲಿಂದ ಸೋಮವಾರ ಸಂಜೆವರೆಗೆ ಆ ಲೈನು ಒಮ್ಮೆಯೂ ಹೋಗಿರಲಿಲ್ಲ, ಅದನ್ನೂ ನೋಡಿಕೊಂಡಳು.

ರಂಗಯ್ಯನಿಗೆ ಫೋನು. ಶನಿವಾರ ಕರೆಂಟ್ ಹೋದಾಗ ಏನು ಮಾಡಿದಿರಿ ಎಂದು ಕೇಳಿದಳು. ಕರೆಂಟಿಲ್ಲದೆ ಇಸ್ತ್ರಿಪೆಟ್ಟಿಗೆ ಕಾಯುವುದಿಲ್ಲ, ಅಂಗಡಿಗೆ ಬೀಗ ಹಾಕಿ ಮನೆಗೆ ಹೋದೆ, ಮತ್ತೆ ತೆಗೆದದ್ದು ನಾಲ್ಕೂವರೆಗೆ ಎಂದ. ಚಂದ್ರು ಕೀಲಿ ಕೊಟ್ಟದ್ದು ಅದಕ್ಕೂ ಮುಂಚೆ. ಹಾಗಾದರೆ ಎರಡು ಐವತ್ನಾಲ್ಕಕ್ಕೆ ಮೊಳೆಯ ಕೀಲಿ ಬೀಗ ಹಾಕಿದ ಅಂಗಡಿಯೊಳಗಿತ್ತು.

ಇನ್ನೊಂದು ಕೀಲಿ ಇದ್ದದ್ದು ಒಬ್ಬನ ಬಳಿ.

ಅವಳು ತನ್ನ ಫೋನಿನಲ್ಲಿ ಶನಿವಾರದ ಕರೆಗಳನ್ನು ತೆರೆದಳು. 2:04, ಬಾಲು. ಏನು ಕೇಳಿದ್ದ? ಅಕ್ಕ, ಹೊಳಲ್ಕೆರೆ ರಸ್ತೆ ಕಡೆ ಕರೆಂಟ್ ಎಷ್ಟೊತ್ತಿಗೆ ಬರ್ತೈತೆ? ಹುಡುಗರಿಗಾಗಿ ಕೇಳುತ್ತಿದ್ದಾನೆ ಎಂದುಕೊಂಡು, ಇನ್ನು ಹತ್ತು ನಿಮಿಷ ಕಣೋ ಎಂದಿದ್ದಳು. ಊಟ ಆಯ್ತಾ ಎಂದೂ ಕೇಳಿದ್ದಳು.

ಐಮಂಗಲದಲ್ಲಿ ಡ್ಯೂಟಿ ಮಾಡುವವನಿಗೆ ದುರ್ಗದ ಗಲ್ಲಿಯ ಕರೆಂಟ್ ಯಾಕೆ ಬೇಕು?

*

ಸಂಜೆ ಆರಕ್ಕೆ ಎಲ್ಲರೂ ಮೀನಾಕ್ಷಿಯ ನಡುಮನೆಯಲ್ಲಿದ್ದರು. ಸುಷ್ಮಿತಾ ಹೊಳಲ್ಕೆರೆಯಿಂದ ಬಂದಿದ್ದಳು. ಚಂದ್ರುವಿಗೆ ಮೀನಾಕ್ಷಿ ತಾನೇ ಫೋನು ಮಾಡಿ, ತಪ್ಪಾಯಿತು, ಬಾ ಎಂದಿದ್ದಳು. ಅವನು ಬಂದಿದ್ದ, ಆದರೆ ಬಾಗಿಲ ಹತ್ತಿರವೇ ಕೂತಿದ್ದ. ಬಾಲರಾಜು ಅಕ್ಕ ಊಟಕ್ಕೆ ಕರೆದಳೆಂದು ಬಂದವನು, ಇವರನ್ನೆಲ್ಲ ನೋಡಿ ಕುರ್ಚಿಯ ತುದಿಗೆ ಸರಿದ.

ಮೀನಾಕ್ಷಿ ಸಬ್‌ಸ್ಟೇಷನ್ನಿನ ಪುಸ್ತಕದ ಫೋಟೊ, ಪೆಟ್ಟಿಗೆಯ ಫೋಟೊ ಎರಡನ್ನೂ ಮುಂದಿಟ್ಟಳು. ಮಗುವಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಒಂದೊಂದಾಗಿ ಹೇಳಿದಳು. ಹನ್ನೆರಡು ಇಪ್ಪತ್ತಕ್ಕೆ ಕರೆಂಟ್ ಹೋಯಿತು. ರಂಗಯ್ಯ ಬೀಗ ಹಾಕಿದ, ಚಂದ್ರುವಿನ ಕೀಲಿ ಒಳಗೆ ಉಳಿಯಿತು. ಎರಡಕ್ಕೆ ಇನ್ನೊಂದು ಕೀಲಿ ಇದ್ದವನು ರೂಮಿಗೆ ಬಂದ, ಕತ್ತಲೆಯಲ್ಲಿ ಕೂತ, ಕರೆಂಟ್ ಎಷ್ಟೊತ್ತಿಗೆ ಬರುತ್ತದೆಂದು ಫೋನು ಮಾಡಿ ಕೇಳಿದ. ಬಂದ ಮೇಲೂ ಅವನ ಕೈ ಏಳಲಿಲ್ಲ. ನಲವತ್ತೊಂದು ನಿಮಿಷ ಸುಮ್ಮನೆ ಕೂತಿದ್ದ. ಆಮೇಲೆ ಕಂಪ್ಯೂಟರು ಹಾಕಿದ. ಹದಿನೇಳು ನಿಮಿಷದಲ್ಲಿ ಕೆಲಸ ಮುಗಿಸಿ, ಎಲ್ಲ ಒರೆಸಿ ಎದ್ದುಹೋದ.

"ಅವನು ಬಂದಾಗ ಕರೆಂಟ್ ಇರ್ಲಿಲ್ಲ ಅಂತ ಅವನಿಗೆ ಗೊತ್ತಿತ್ತು. ಯಾವಾಗ ಹೋಗಿತ್ತು ಅಂತ ಗೊತ್ತಿರ್ಲಿಲ್ಲ. ಅದ್ಕೇ ಹನ್ನೆರಡು ನಲವತ್ತೊಂದು ಅಂತ ಧೈರ್ಯವಾಗಿ ಅಂದ. ಅಲ್ವೇನೋ ಬಾಲು?"

ಬಾಲರಾಜು ನೆಲ ನೋಡುತ್ತಿದ್ದ. ನಾನು ಮಾಡಿಲ್ಲ ಎನ್ನಲಿಲ್ಲ. ಆ ಪೆಟ್ಟಿಗೆ ಬಗ್ಗೆ ನಿಂಗೆ ಗೊತ್ತಾಗಲ್ಲ ಅಂದ್ಕಂಡೆ ಎಂದ, ಅಷ್ಟೆ. ಕೀರ್ತನಾ ಅವನನ್ನೇ ನೋಡುತ್ತಿದ್ದಳು. ಯಾಕೆ ಮಾಮ ಎಂದು ಕೇಳಿದಳು. ಎರಡು ಸಲ ಕೇಳಿದಳು.

"ಆ ಕುರ್ಚಿ ನಂದು ಕಣವ್ವ."

ಯಾರಿಗೂ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಕಂಟ್ರೋಲ್ ರೂಮಿನಲ್ಲಿ ಇವರು ಅಂದುಕೊಂಡ ಹೊಸ ಹುದ್ದೆ ಯಾವುದೂ ಇರಲಿಲ್ಲ. ಒಂಬತ್ತು ವರ್ಷದಿಂದ ಗುತ್ತಿಗೆಯಲ್ಲಿ ಆ ಕೆಲಸ ಮಾಡುತ್ತಿದ್ದವನು ಅವನೇ. ಪತ್ರದಲ್ಲಿದ್ದ ಹಾಲಿ ವ್ಯವಸ್ಥೆ ಅಂದರೆ ಅವನೇ. ಮೂರು ತಿಂಗಳ ಹಿಂದೆ ಕಂಪನಿ ನಿಯಮ ಬದಲಿಸಿತು, ಸರ್ಟಿಫಿಕೇಟಿದ್ದವರು ಸಿಕ್ಕ ಕೂಡಲೇ ಇಲ್ಲದವರು ಆ ಕುರ್ಚಿ ಬಿಡಬೇಕು. ಅವನು ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಎರಡು ಸಲ ಪರೀಕ್ಷೆ ಬರೆದ, ಎರಡು ಸಲವೂ ಹೋಯಿತು. ಅಷ್ಟರಲ್ಲಿ ಕೀರ್ತನಾ ಕಾಲೇಜಿನ ಮೂಲಕ ಅರ್ಜಿ ಹಾಕಿ ಆಯ್ಕೆಯಾಗಿ, ಮಾಮಾ ನಿಮ್ಮ ಕಂಪನಿಗೇ ಬರ್ತೀನಿ ಎಂದು ಓಡಿಬಂದು ಹೇಳಿದಳು. ಒಳ್ಳೆಯದಾಯಿತು ಎಂದ. ಎರಡು ಸಲ ಫೇಲಾದವಳು, ಮೂರನೇ ಸಲವೂ ಆಗಬಹುದು ಎಂದುಕೊಂಡ. ಆಮೇಲೆ ಮನೆಯಲ್ಲಿ ಒಂಬೈನೂರ ಹತ್ತರ ಪಾಯಸ ಕೊಟ್ಟರು.

ಚಂದ್ರು ಬಾಗಿಲ ಬಳಿಯಿಂದ ಕೇಳಿದ, ಅದಕ್ಕೆ ನನ್ನನ್ಯಾಕೆ ಹಿಡಿದಿರಿ ಅಣ್ಣ ಎಂದು. ಬಾಲರಾಜು ಅವನ ಕಡೆ ತಿರುಗಲೇ ಇಲ್ಲ. ಅಕ್ಕನ ಕಡೆ ತಿರುಗಿದ.

"ನಾನು ಬಂದು ಕೇಳಿದ್ರೆ ನೀನು ಏನ್ ಮಾಡ್ತಿದ್ದೆ ಅಕ್ಕ? ನಿಜ ಹೇಳು."

ಮೀನಾಕ್ಷಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಒಂದು ಸುಳ್ಳು ಬಂದಿದ್ದರೆ ಚೆನ್ನಾಗಿತ್ತು.

"ಕೇಳಿದ್ರೆ ಇವಳಿಗೆ ಬ್ಯಾಡ ಅಂತಿದ್ದೆ ಕಣೋ. ಇನ್ನೂ ಚಿಕ್ಕವಳು, ಬೇರೆ ಕೆಲಸ ಸಿಗ್ತೈತೆ ಬಿಡು ಅಂತಿದ್ದೆ. ನೀನು ಕೇಳಿದ್ರೆ ಸಾಕಿತ್ತು."

ಬಾಲರಾಜುವಿನ ಮುಖ ಸೊಟ್ಟಗಾಯಿತು, ಚಿಕ್ಕಂದಿನಲ್ಲಿ ಅಳುವ ಮುಂಚೆ ಆಗುತ್ತಿದ್ದ ಹಾಗೆ. ಎದ್ದು ಹೊರಟ. ಅವಳು ತಡೆಯಲಿಲ್ಲ. ಬೈಕಿನ ಸದ್ದು ಗಲ್ಲಿ ದಾಟಿದ ಮೇಲೆ ತಿರುಗಿ ನೋಡಿದಳು. ಕೀರ್ತನಾ ಮಾಮ ಹೋದ ಬಾಗಿಲನ್ನು ನೋಡುತ್ತಿರಲಿಲ್ಲ. ತಾಯಿಯನ್ನು ನೋಡುತ್ತಿದ್ದಳು.

ಆಗ ಚಂದ್ರು ಮಾತೆತ್ತಿದ. ಗುರುವಾರದ ತನ್ನ ಜಾಗ ಇದೆಯಲ್ಲ, ಇಪ್ಪತ್ನಾಲ್ಕು ಗಂಟೆ ಮುಂಚೆ ಬಿಟ್ಟರೆ ಇನ್ನೊಬ್ಬರು ತಗೋಬಹುದಲ್ಲ ಎಂದ. ಸುಷ್ಮಿತಾ ತಕ್ಷಣ ಫೋನು ತೆಗೆದಳು. ಚಂದ್ರು ಒಂದು ಕಡೆ ರದ್ದು ಮಾಡುವುದು, ಅದೇ ಗಳಿಗೆಗೆ ಕೀರ್ತನಾ ಇನ್ನೊಂದು ಕಡೆ ಒತ್ತುವುದು. ನಿಂದು ಹೆಂಗಪ್ಪಾ ಎಂದು ಮೀನಾಕ್ಷಿ ಕೇಳಿದಳು, ಅವನ ಮುಖ ನೋಡಲಾಗದೆ.

"ನಂಗೇನ್ ಅವಸರ ಆಂಟಿ. ನಮ್ಮಪ್ಪನ ಕುರಿ ಯಾರ ಸರ್ಟಿಫಿಕೇಟೂ ಕೇಳಲ್ಲ."

ಮೂವರೂ ಫೋನಿನ ಮೇಲೆ ಬಾಗಿದರು. ಒಂದು, ಎರಡು, ಮೂರು ಎಂದಳು ಸುಷ್ಮಿತಾ. ಜಾಗ ಖಾಲಿ ಆಯಿತು. ಪರದೆ ತಿರುಗಿತು, ತಿರುಗಿತು. ಕೊನೆಗೆ ಕೀರ್ತನಾ ಹೆಸರು ಬಂತು. ಮೀನಾಕ್ಷಿ ಒಳಗೆ ಹೋಗಿ ಚಂದ್ರುವಿಗೆ ತಟ್ಟೆ ಹಾಕಿದಳು. ಅವನು ಹೊಸ್ತಿಲ ಬಳಿಯಿಂದ ಎದ್ದು ಬರಲು ಸ್ವಲ್ಪ ಹೊತ್ತಾಯಿತು. ಬಂದು ಕೂತ. ಉಂಡ. ಮುದ್ದೆಗೆ ಏನೂ ಅನ್ನಲಿಲ್ಲ.

*

ಗುರುವಾರ ಹನ್ನೆರಡು ಹತ್ತಕ್ಕೆ ಕೀರ್ತನಾ ಹೊರಗೆ ಬಂದಳು. ಎಂಟುನೂರ ಎಪ್ಪತ್ತೊಂದು.

ಕೌಂಟರಿನ ಮೋನಿಕಾ ಎದ್ದುನಿಂತು ಕೈ ಕುಲುಕಿದಳು. ಕೀರ್ತನಾ ಮೊದಲು ಚಂದ್ರುವಿಗೆ ಫೋನು ಮಾಡಿದಳು, ಆಮೇಲೆ ಸುಷ್ಮಿತಾಗೆ. ಎರಡೂ ಮುಗಿದ ಮೇಲೆ, ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ತಾಯಿಯ ಹತ್ತಿರ ಬಂದು ಹಾಳೆ ಕೊಟ್ಟಳು. ಮೀನಾಕ್ಷಿ ಅಂಕದ ಮೇಲೆ ಬೆರಳಾಡಿಸಿದಳು. ಮಗಳ ಕೆನ್ನೆ ಮುಟ್ಟಿದಳು. ಹುಡುಗಿ ಮುಖ ತಿರುಗಿಸಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ನಾಳೆ ರಜೆ ಹಾಕಿದ್ದೇನೆ ಎಂದಳು ಮೀನಾಕ್ಷಿ. ಐಮಂಗಲಕ್ಕೆ ಜೊತೆಗೆ ಬರುತ್ತೇನೆ, ಬುತ್ತಿ ಕಟ್ಟಿಕೊಂಡು ಒಂಬತ್ತರ ಬಸ್ಸಿಗೆ ಹೋಗಾಣ.

ಕೀರ್ತನಾ ಹಾಳೆಯನ್ನು ಮಡಚದೆ ಫೈಲಿನೊಳಗೆ ಇಟ್ಟುಕೊಂಡಳು.

"ಬ್ಯಾಡಮ್ಮ. ಒಬ್ಬಳೇ ಹೋಗ್ತೀನಿ. ಅಲ್ಲಿ ಮಾಮ ಇರ್ತಾನೆ. ನೀನು ಬಂದ್ರೆ ಯಾರ ಪಕ್ಕ ನಿಂತ್ಕಂತೀಯೋ ನಂಗೆ ಗೊತ್ತಿಲ್ಲ."

ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಮೀನಾಕ್ಷಿಗೆ ತಡೆದುಕೊಳ್ಳಲಾಗಲಿಲ್ಲ. ನಿನ್ನ ಪಕ್ಕವೇ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಮೊನ್ನೆ ತಮ್ಮನಿಗೆ ಹೇಳಿದ್ದೂ ನಿಜವೇ ಆಗಿತ್ತು, ಮತ್ತು ಹುಡುಗಿ ಅದನ್ನು ಕೇಳಿಸಿಕೊಂಡಾಗಿತ್ತು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಗಳು ಮೆಟ್ಟಿಲು ಇಳಿದು ಬೀದಿಗೆ ಬಂದಿದ್ದಳು, ಫೈಲನ್ನು ಎದೆಗೆ ಅವಚಿಕೊಂಡು, ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ಒಬ್ಬಳೇ.